ವೆಬ್ಲಿ-ಫಾಸ್ಬೆರಿ: ಕೊಳ್ಳುವ ಮುನ್ನ ಏನೇನು ನೋಡಬೇಕು

ಹಳೆಯ ರಿವಾಲ್ವರ್ ಸಂಗ್ರಹಿಸುವವರ ಪಟ್ಟಿಯಲ್ಲಿ ವೆಬ್ಲಿ-ಫಾಸ್ಬೆರಿ ಇದ್ದೇ ಇರುತ್ತದೆ. ತಯಾರಾದದ್ದು ಒಟ್ಟು 5000ಕ್ಕೂ ಕಡಿಮೆ. ಅದರಲ್ಲಿ ಎಷ್ಟೋ ಮೊದಲ ಮಹಾಯುದ್ಧದ ಕೆಸರಿನಲ್ಲಿ ಹಾಳಾದವು, ಎಷ್ಟೋ ಕಾನೂನು ಬಿಗಿಯಾದಾಗ ಕುಲುಮೆಗೆ ಹೋದವು. ಹಾಗಾಗಿ ಹರಾಜಿನಲ್ಲಿ ಒಂದು ಕಂಡ ಕೂಡಲೇ ಜನ ಕೈ ಎತ್ತಿಬಿಡುತ್ತಾರೆ. ಆ ಅವಸರವೇ ದುಬಾರಿಯಾಗುವುದು. ಈ ರಿವಾಲ್ವರ್‌ನ ಬೆಲೆಯೆಲ್ಲ ಅದರ ಯಂತ್ರದಲ್ಲಿದೆ. ಯಂತ್ರ ಸವೆದಿದ್ದರೆ, ಭಾಗಗಳು ಬೇರೆ ಬೇರೆ ತುಪಾಕಿಯಿಂದ ಬಂದಿದ್ದರೆ ಕೈಯಲ್ಲಿ ಉಳಿಯುವುದು ಹೆಸರು ಮಾತ್ರ.

ಇದರ ಹಿಂದಿನ ತಲೆ ಜಾರ್ಜ್ ವಿನ್ಸೆಂಟ್ ಫಾಸ್ಬೆರಿಯದು. ಆತ ಬಂಗಾಳ ಸೇನೆಯ ಅಧಿಕಾರಿ. ವಾಯವ್ಯ ಗಡಿಯ ಅಂಬೇಲಾ ದಂಡಯಾತ್ರೆಯಲ್ಲಿ 1863ರ ಅಕ್ಟೋಬರ್ 30ರಂದು ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದವನು. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಮಾರುತ್ತಿದ್ದ, ಭಾರತದ ಶಿಕಾರಿಗಳಿಗೆ ಚೆನ್ನಾಗಿ ಗೊತ್ತಿದ್ದ ಪ್ಯಾರಡಾಕ್ಸ್ ಬಂದೂಕೂ ಅವನದೇ ಕಲ್ಪನೆ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲದಿಂದಲೇ ಗುಂಡು ತುಂಬುವ ಸಿಲಿಂಡರ್ ತಿರುಗಬೇಕು, ಗುಂಡಿಗೆ ಬಡಿಯುವ ಹ್ಯಾಮರ್ ಏರಬೇಕು ಎಂಬ ಯೋಜನೆಗೆ 1895ರಲ್ಲಿ ಪೇಟೆಂಟ್ ಪಡೆದ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಕಂಪನಿ 1901ರಿಂದ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಪೇಟೆಂಟಿನ ವರ್ಷ, ತಯಾರಿಕೆಯ ವರ್ಷ ಎರಡೂ ನೆನಪಿರಲಿ. ಮುಂದೆ ಕಾನೂನಿನ ಮಾತು ಬಂದಾಗ ಈ 6 ವರ್ಷಗಳ ಅಂತರವೇ ದೊಡ್ಡದಾಗುತ್ತದೆ.

ಸಾಮಾನ್ಯವಾಗಿ ಸಿಗುವುದು .455 ಬೋರಿನ (ಇಂಚಿನಲ್ಲಿ ನಳಿಗೆಯ ಒಳ ಅಳತೆ), 6 ಗುಂಡಿನ ಮಾದರಿ. ನಳಿಗೆ 4, 6 ಅಥವಾ 7.5 ಇಂಚು. ತೂಕ ಸುಮಾರು ಒಂದೂಕಾಲು ಕೆ.ಜಿ. 1901, 1902, 1914 ಎಂದು ವರ್ಷದ ಹೆಸರಿನಲ್ಲಿ ಮಾದರಿಗಳನ್ನು ಗುರುತಿಸುತ್ತಾರೆ. .38 ಆಟೋ ಬೋರಿನದು ಇನ್ನೂ ಅಪರೂಪ, ಅದರ ಸಿಲಿಂಡರ್‌ನಲ್ಲಿ ಗುಂಡು ಕೂರುವ 8 ಕೋಣೆ. ಯಾರಾದರೂ ".38 ಫಾಸ್ಬೆರಿ" ಎಂದು ಮಾರಲು ಬಂದರೆ ಮೊದಲು ಕೋಣೆ ಎಣಿಸಿ, ಆಮೇಲೆ ಮಾತಾಡಿ.

ಬ್ರಿಟಿಷ್ ಸೇನೆ ಇದನ್ನು ಅಧಿಕೃತವಾಗಿ ಎಂದೂ ಒಪ್ಪಿಕೊಳ್ಳಲಿಲ್ಲ. ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಕೊಂಡರು. ಸರ್ಕಾರಿ .455 ಗುಂಡು ಹೊಂದಿದರೆ ಸಾಕಿತ್ತು. ಗುರಿಗಾರ ವಾಲ್ಟರ್ ವಿನಾನ್ಸ್ 1902ರಲ್ಲಿ ಇದರಿಂದ 12 ಹೆಜ್ಜೆ ದೂರದ 2 ಇಂಚಿನ ಗುರಿಯೊಳಗೆ 7 ಸೆಕೆಂಡಿನಲ್ಲಿ 6 ಗುಂಡು ಹಾಕಿದ್ದು ಆಗಿನ ಕಾಲಕ್ಕೆ ದೊಡ್ಡ ಸುದ್ದಿ. ಒಣ ಮೈದಾನದಲ್ಲಿ ಇದು ಅಷ್ಟು ಚೊಕ್ಕ. ಕಂದಕದ ಕೆಸರು ತೋಡುಗಳಿಗೆ ಸೇರಿತೆಂದರೆ ಮಾತ್ರ ನಿಂತೇ ಹೋಗುತ್ತಿತ್ತು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಇದನ್ನು ಪರೀಕ್ಷಿಸಲಾಗದು. ಈ ರಿವಾಲ್ವರ್ ಎರಡು ಭಾಗ. ಹಿಡಿ, ಟ್ರಿಗರ್ ಇರುವ ಕೆಳಚೌಕಟ್ಟು ಒಂದು. ನಳಿಗೆ, ಸಿಲಿಂಡರ್, ಹ್ಯಾಮರ್ ಇರುವ ಮೇಲ್ಭಾಗ ಇನ್ನೊಂದು. ಮೇಲ್ಭಾಗ ಕೆಳಚೌಕಟ್ಟಿನ ಹಳಿಗಳ ಮೇಲೆ ಹಿಂದೆ ಮುಂದೆ ಜಾರುತ್ತದೆ. ಸಿಲಿಂಡರ್‌ನ ಹೊರಮೈಯಲ್ಲಿ ಸುತ್ತಲೂ ಅಂಕುಡೊಂಕಾದ ತೋಡು ಕೊರೆದಿದೆ. ಕೆಳಚೌಕಟ್ಟಿನ ಒಂದು ಸಣ್ಣ ಗೂಟ ಆ ತೋಡಿನೊಳಗೆ ಕೂತಿರುತ್ತದೆ. ಗುಂಡು ಹಾರಿದಾಗ ಮೇಲ್ಭಾಗ ಹಿಂದಕ್ಕೆ ಜಾರುತ್ತದೆ, ಗೂಟ ತೋಡಿನ ಓರೆಯಲ್ಲಿ ಸಾಗುತ್ತ ಸಿಲಿಂಡರನ್ನು ಅರ್ಧ ಹೆಜ್ಜೆ ತಿರುಗಿಸುತ್ತದೆ, ಹ್ಯಾಮರ್ ಏರುತ್ತದೆ. ಹಿಡಿಯೊಳಗಿನ ಸ್ಪ್ರಿಂಗ್ ಮೇಲ್ಭಾಗವನ್ನು ಮುಂದಕ್ಕೆ ತಳ್ಳಿದಾಗ ಉಳಿದರ್ಧ ಹೆಜ್ಜೆ. 6 ಕೋಣೆಯದರಲ್ಲಿ ಪ್ರತಿ ಅರ್ಧ ಹೆಜ್ಜೆ 30 ಡಿಗ್ರಿ, 8 ಕೋಣೆಯದರಲ್ಲಿ 22.5 ಡಿಗ್ರಿ. ಮೊದಲ ಗುಂಡಿಗೆ ಮಾತ್ರ ಹ್ಯಾಮರನ್ನು ಕೈಯಿಂದ ಏರಿಸಬೇಕು. ಮಣಿಕಟ್ಟು ಸಡಿಲ ಬಿಟ್ಟರೆ ಒದೆತದ ಬಲ ಕೈಯಲ್ಲೇ ಕರಗಿ ಸಿಲಿಂಡರ್ ಪೂರ್ತಿ ತಿರುಗುವುದಿಲ್ಲ. ಹಳೆಯ ದೂರುಗಳಲ್ಲಿ ಕೆಲವು ಯಂತ್ರದ ದೋಷವಲ್ಲ, ಹಿಡಿದವನ ಕೈಯ ದೋಷ.

ಕೈಗೆ ಸಿಕ್ಕಾಗ

ಜೊತೆಗೆ 10 ಪಟ್ಟು ಹಿಗ್ಗಿಸುವ ಗಡಿಯಾರದವರ ಭೂತಗನ್ನಡಿ, ಸಣ್ಣ ಟಾರ್ಚ್, ಅಳತೆಗೆ ವರ್ನಿಯರ್, 365 ನ್ಯಾನೋಮೀಟರ್‌ನ ಅಲ್ಟ್ರಾವಯಲೆಟ್ ಟಾರ್ಚ್, ನೈಟ್ರೈಲ್ ಕೈಗವಸು, ದಪ್ಪ ಬಟ್ಟೆ ಇರಲಿ. ಹತ್ತಿ ಕೈಗವಸು ಬೇಡ, ಎಣ್ಣೆ ಹಚ್ಚಿದ ಉಕ್ಕು ಅದರಲ್ಲಿ ಜಾರುತ್ತದೆ. ಮಾಲೀಕನ ಒಪ್ಪಿಗೆ ಪಡೆದು, ಮೇಲಿನ ಚಿಲಕ ಒತ್ತಿ, ನಳಿಗೆ ಬಗ್ಗಿಸಿ, ಎಲ್ಲ ಕೋಣೆಗಳನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿ ಎಂದು ಖಾತ್ರಿ ಮಾಡಿಕೊಳ್ಳಿ. "ಖಾಲಿ ಇದೆ ಸಾರ್" ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಮೊದಲು ತೋಡು. ಬೆಳಕನ್ನು ಓರೆಯಾಗಿ ಬಿಟ್ಟು, ಎರಡು ಓರೆಗಳು ಸೇರುವ ಮೂಲೆಗಳನ್ನು ಕನ್ನಡಿಯಲ್ಲಿ ಒಂದೊಂದಾಗಿ ನೋಡಿ. ಗೂಟ ದಿಕ್ಕು ಬದಲಿಸುವುದು ಅಲ್ಲೇ, ಹೊಡೆತವೆಲ್ಲ ಬೀಳುವುದೂ ಅಲ್ಲೇ. ಹೆಚ್ಚು ಬಳಸದ ತುಪಾಕಿಯಲ್ಲಿ ಮೂಲೆಯ ಅಂಚು ಚೂಪಾಗಿರುತ್ತದೆ, ತೋಡಿನ ತಳದಲ್ಲಿ ಗೂಟ ಸಾಗಿದ ತೆಳುವಾದ ಹೊಳಪಿನ ಗೆರೆ ಮಾತ್ರ ಕಾಣುತ್ತದೆ. ಸವೆದದ್ದರಲ್ಲಿ ಮೂಲೆ ದುಂಡಾಗಿ, ಲೋಹ ಹೊರಕ್ಕೆ ತುಟಿಯಂತೆ ಮಡಚಿಕೊಂಡಿರುತ್ತದೆ. ಆ ತುಟಿಯನ್ನು ಅರದಿಂದ ತೆಗೆದು ಮತ್ತೆ ಬಣ್ಣ ಕೊಟ್ಟಿರುವುದೂ ಉಂಟು. ಆಗ ಅರದ ಸಣ್ಣ ಗೆರೆಗಳು ತೋಡಿಗೆ ಅಡ್ಡವಾಗಿ ಕಾಣುತ್ತವೆ. ಒಂದು ಮೂಲೆ ಮಾತ್ರ ಸವೆದು ಉಳಿದವು ಹೊಸದರಂತಿದ್ದರೆ, ಕೆಸರೋ ತುಕ್ಕೋ ಕೂತ ಜಾಗದಲ್ಲಿ ಬಲವಂತವಾಗಿ ಎಳೆದಿದ್ದಾರೆ ಎಂದರ್ಥ.

ಆಮೇಲೆ ಚಲನೆ. ಮೇಲ್ಭಾಗವನ್ನು ಹಿಂದಕ್ಕೆ ನಿಧಾನವಾಗಿ ತಳ್ಳಿ. ಸ್ಪ್ರಿಂಗ್ ಬಿಗಿಯಾಗಿರಬೇಕು, ದಾರಿಯುದ್ದಕ್ಕೂ ಒಂದೇ ಸಮನಾದ ಪ್ರತಿರೋಧ ಇರಬೇಕು. ಮಧ್ಯದಲ್ಲಿ ಕಡಿದು ಕಡಿದು ಜಾರಿದರೆ ಹಳಿಯಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿರಬಹುದು, ಅದು ಚಿಂತೆಯಲ್ಲ. ಹಳಿಯೇ ಬಾಗಿದ್ದರೆ ಅದು ಚಿಂತೆಯೇ. ವ್ಯತ್ಯಾಸ ತಿಳಿಯಲು ಹಳಿಯ ಎರಡೂ ಬದಿಯ ಸಂದಿನಲ್ಲಿ ಟಾರ್ಚ್ ಹಿಡಿದು ನೋಡಿ: ಬೆಳಕಿನ ಗೆರೆ ಉದ್ದಕ್ಕೂ ಒಂದೇ ದಪ್ಪ ಇರಬೇಕು. ಮುಂದಕ್ಕೆ ಬಿಡುವಾಗಲೂ ಕೈಯಲ್ಲೇ ಹಿಡಿದು ಬಿಡಿ. ಟಪ್ ಎಂದು ಬಿಟ್ಟರೆ ಇಷ್ಟು ವರ್ಷ ಉಳಿದ ಮೂಲೆಗೆ ನೀವೇ ಏಟು ಕೊಟ್ಟಂತೆ. ಪೂರ್ತಿ ಮುಂದೆ ಬಂದ ಮೇಲೆ ಸಿಲಿಂಡರನ್ನು ಬೆರಳಿನಲ್ಲಿ ಅಲುಗಿಸಿ. ಎಲ್ಲ ಕೋಣೆಗಳಿಗೂ ಹೀಗೆಯೇ ಮಾಡಿ. ಒಂದು ಕೋಣೆಯಲ್ಲಿ ಮಾತ್ರ ಹೆಚ್ಚು ಅಲುಗಾಟ ಇದ್ದರೆ, ಆಗಲೇ ಕಂಡ ಸವೆದ ಮೂಲೆ ಅದೇ. ಹ್ಯಾಮರನ್ನು ಏರಿಸಿದರೆ ಹೆಬ್ಬೆರಳಿನಿಂದ ಹಿಡಿದು ಇಳಿಸಿ. ಖಾಲಿ ಹೊಡೆಯುವುದು ಬೇಡವೇ ಬೇಡ. ಒಂದು ತುದಿ ಮುರಿದರೆ ಬದಲಿ ಭಾಗ ಸಿಗುವ ಅಂಗಡಿ ಇಲ್ಲ.

ಎಡಬದಿಯಲ್ಲಿ, ಹಿಡಿಯ ಮೇಲ್ತುದಿಯ ಹತ್ತಿರ ಸೇಫ್ಟಿ ಕೀಲು ಇದೆ. ರಿವಾಲ್ವರ್‌ಗೆ ಸೇಫ್ಟಿ ಇರುವುದೇ ಅಪರೂಪ. ಇದಕ್ಕೆ ಏಕೆ ಬೇಕೆಂದರೆ ಪ್ರತಿ ಗುಂಡಿನ ನಂತರ ಹ್ಯಾಮರ್ ಏರಿಯೇ ಇರುತ್ತದೆ. ಕೀಲು ಎರಡೂ ಸ್ಥಾನಗಳಲ್ಲಿ ಗಟ್ಟಿಯಾಗಿ ಕೂರಬೇಕು.

ನಳಿಗೆಯೊಳಗೆ ಬಲಕ್ಕೆ ಸುತ್ತುವ 7 ಗೆರೆಗಳಿರಬೇಕು. ಆ ಕಾಲದ ಗುಂಡಿನ ಕೇಪಿನಲ್ಲಿದ್ದ ಕ್ಲೋರೇಟ್ ಸುಟ್ಟ ಮೇಲೆ ಉಪ್ಪನ್ನು ಉಳಿಸುತ್ತಿತ್ತು. ಆ ಉಪ್ಪು ತೇವ ಹೀರಿ ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ. ಭಾರತ, ಬರ್ಮಾ, ಪೂರ್ವ ಆಫ್ರಿಕಾ ಸುತ್ತಿ ಬಂದ ತುಪಾಕಿಗಳಲ್ಲಿ ಇದು ಸಾಮಾನ್ಯ. ಹೊರಮೈ ಕನ್ನಡಿಯಂತೆ ಹೊಳೆಯುತ್ತಿದ್ದು ನಳಿಗೆಯೊಳಗೆ ಕುಳಿ ಬಿದ್ದಿದ್ದರೆ ಹೊರಗಿನದು ಹೊಸ ಬಣ್ಣ.

ಹೊಸ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ) ಪತ್ತೆಗೆ ಅಕ್ಷರ ನೋಡಿ. ಮೂಲ ತುಪಾಕಿಯಲ್ಲಿ ಒತ್ತಿದ ಅಕ್ಷರಗಳ ಅಂಚು ಕಡಿದಂತಿರುತ್ತದೆ. ಪಾಲಿಶ್ ಚಕ್ರಕ್ಕೆ ಹಿಡಿದದ್ದರಲ್ಲಿ ಅಕ್ಷರ ತೆಳ್ಳಗಾಗಿ, ಸ್ಕ್ರೂ ರಂಧ್ರಗಳ ಬಾಯಿ ತಟ್ಟೆಯಂತೆ ತಗ್ಗಾಗಿರುತ್ತದೆ. ಸ್ಕ್ರೂಗಳ ಸೀಳು ಕಿರಿದು. ಈಗಿನ ಅಗಲದ ಸ್ಕ್ರೂಡ್ರೈವರ್ ಹಾಕಿ ಕಿತ್ತಿದ್ದರೆ ಸೀಳಿನ ಬಾಯಿ ಕಿತ್ತುಹೋಗಿರುತ್ತದೆ. ಒಂದು ಸ್ಕ್ರೂ ಹಾಗಿದ್ದರೆ ಯಾರೋ ಸ್ವಚ್ಛ ಮಾಡಲು ತೆರೆದಿದ್ದಾರೆ. ಎಲ್ಲವೂ ಹಾಗಿದ್ದರೆ ಒಳಗೆ ಏನು ಬದಲಾಗಿದೆ ಎಂಬ ಪ್ರಶ್ನೆ ಏಳುತ್ತದೆ. ಹಿಡಿಯ ಮರ ಚೌಕುಳಿ ಕೊರೆದ ವಾಲ್‌ನಟ್. ಕೊರೆತದ ತುದಿಗಳು ಸವೆದಿದ್ದು ಲೋಹ ಮಾತ್ರ ಹೊಸದರಂತಿದ್ದರೆ ಎರಡೂ ಒಂದೇ ಬಾಳು ಬಾಳಿದವಲ್ಲ.

ಅಮೆರಿಕದಿಂದ ಬರುವ .455 ವೆಬ್ಲಿಗಳಲ್ಲಿ ಇನ್ನೊಂದು ರೋಗವಿದೆ. ಅಮೆರಿಕದ ಪಿಸ್ತೂಲುಗಳ .45 ಎಸಿಪಿ ಗುಂಡು ಹಿಡಿಸಲೆಂದು ಸಿಲಿಂಡರ್‌ನ ಹಿಂಬದಿಯನ್ನು ಹೆರೆದಿರುತ್ತಾರೆ. 1915ರ ಮಾರ್ಕ್ 6 ಮಾದರಿಗಳಲ್ಲಿ ಇದು ಬಹಳ. ಫಾಸ್ಬೆರಿಯಲ್ಲೂ ನೋಡಿಕೊಳ್ಳಿ. ಸಿಲಿಂಡರ್‌ನ ಹಿಂಬದಿಗೂ ಚೌಕಟ್ಟಿಗೂ ನಡುವೆ ಬೇಕಾದ್ದಕ್ಕಿಂತ ಅಗಲದ ಸಂದು, ಹಿಂಬದಿಯಲ್ಲಿ ಲೇತ್‌ನ ಉಂಗುರದ ಗೆರೆಗಳು, ಅರ್ಧ ಕತ್ತರಿಸಿಹೋದ ಸಂಖ್ಯೆ ಇವು ಗುರುತು. ಇದು ಬೆಲೆ ಇಳಿಸುವುದಷ್ಟೇ ಅಲ್ಲ. .45 ಎಸಿಪಿಯ ಒತ್ತಡ .455ಕ್ಕಿಂತ ಸಾಕಷ್ಟು ಹೆಚ್ಚು, ಈ ಉಕ್ಕು ಅದಕ್ಕೆ ಮಾಡಿದ್ದಲ್ಲ.

ಗುರುತುಗಳು, ಕಾಗದಗಳು

ಬಂದೂಕುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನ ಗುರುತುಗಳು ಕಾಲ ಹೇಳುತ್ತವೆ. ಕಿರೀಟದಡಿ ಅಡ್ಡಹಾಕಿದ ರಾಜದಂಡಗಳಿದ್ದರೆ 1904ಕ್ಕೆ ಮುಂಚಿನ ಪರೀಕ್ಷೆ. ಕಿರೀಟದಡಿ ಬಿಪಿ, ಬಿವಿ, ಎನ್‌ಪಿ ಅಕ್ಷರಗಳಿದ್ದರೆ 1904ರ ನಂತರದ್ದು. 1902ರಲ್ಲಿ ಮಾರಾಟವಾಯಿತು ಎನ್ನುವ ತುಪಾಕಿಯ ಮೇಲೆ ಎರಡನೆಯ ಬಗೆಯ ಮುದ್ರೆ ಮಾತ್ರ ಇದ್ದರೆ ಕಥೆ ಹೊಂದುವುದಿಲ್ಲ. ಎರಡೂ ಇದ್ದರೆ ಮರುಪರೀಕ್ಷೆ ಆಗಿದೆ, ಯಾಕೆ ಎಂದು ಕೇಳಿ. ಚೌಕಟ್ಟು, ನಳಿಗೆ, ಸಿಲಿಂಡರ್ ಇವುಗಳ ಮೇಲೆ ಕಾಣುವ ಪ್ರತಿಯೊಂದು ಸಂಖ್ಯೆಯ ಫೋಟೋವನ್ನೂ ಬೇರೆ ಬೇರೆಯಾಗಿ ಕೇಳಿ. "ಸಂಖ್ಯೆಗಳು ಹೊಂದುತ್ತವೆ" ಎಂಬ ಒಂದು ಸಾಲಿಗೆ ತೃಪ್ತಿಪಡಬೇಡಿ. ದೂರದಿಂದ ಕೊಳ್ಳುವವರು ತೋಡಿನ ಪ್ರತಿ ಮೂಲೆ, ಸಿಲಿಂಡರ್‌ನ ಹಿಂಬದಿ, ನಳಿಗೆಯ ಎರಡೂ ತುದಿ, ಹಿಡಿ ತೆಗೆದ ಒಳಮೈ ಇಷ್ಟರ ಫೋಟೋ ಇಲ್ಲದೆ ಹರಾಜಿನಲ್ಲಿ ಬಿಡ್ ಹಾಕಬಾರದು. ಹರಾಜಿನ ಬೆಲೆಯ ಮೇಲೆ ಹರಾಜು ಸಂಸ್ಥೆಯವರ ಕಮಿಷನ್ ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು ಅಥವಾ ಇನ್ನೂ ಹೆಚ್ಚು ಸೇರುತ್ತದೆ. ಮನಸ್ಸಿನಲ್ಲಿ ಲೆಕ್ಕ ಹಾಕುವಾಗಲೇ ಅದನ್ನು ಕಳೆದು ಹಾಕಿ.

ಅಂಗಡಿಯ ಹೆಸರು ಒತ್ತಿದ್ದರೆ ಅದೃಷ್ಟ. ಆರ್ಮಿ ಅಂಡ್ ನೇವಿ ಕೋ-ಆಪರೇಟಿವ್ ಸೊಸೈಟಿ ಅಧಿಕಾರಿಗಳಿಗೆಂದೇ ಇದ್ದ ದೊಡ್ಡ ಅಂಗಡಿ, ಮುಂಬಯಿ ಮತ್ತು ಕಲ್ಕತ್ತೆಯಲ್ಲೂ ಶಾಖೆಗಳಿದ್ದವು. ಅಂಗಡಿಯ ಹಳೆಯ ದಫ್ತರು ಈಗ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಗ್ರಹಾಗಾರದಲ್ಲಿದೆ. ಅಧಿಕಾರಿಯ ಹೆಸರು ಕೆತ್ತಿದ್ದರೆ ಇನ್ನೂ ಒಳ್ಳೆಯದು, ಆದರೆ ಮೋಸ ಹೆಚ್ಚು ನಡೆಯುವುದೂ ಅಲ್ಲೇ. ಕೆತ್ತನೆಯ ತಳವನ್ನು ಕನ್ನಡಿಯಲ್ಲಿ ನೋಡಿ. ಹಳೆಯ ಕೆತ್ತನೆಯೊಳಗೆ ಸುತ್ತಲಿನ ಲೋಹದಷ್ಟೇ ಮಾಸಿದ ಬಣ್ಣ ಇರುತ್ತದೆ. ಈಚಿನದರಲ್ಲಿ ಬಿಳಿ ಲೋಹ, ಇಲ್ಲವೇ ಅದನ್ನು ಮುಚ್ಚಲು ಹಚ್ಚಿದ ಕಪ್ಪು ಕಾಣುತ್ತದೆ.

ಹೆಸರು ನಿಜವೆನಿಸಿದರೆ ಲಂಡನ್ ಗೆಜೆಟ್‌ನಲ್ಲಿ ಆತನ ನೇಮಕ, ಬಡ್ತಿ ಸಿಗುತ್ತವೆ. ಹಳೆಯ ಸಂಚಿಕೆಗಳು ಆನ್‌ಲೈನ್‌ನಲ್ಲಿವೆ. ಮೊದಲ ಮಹಾಯುದ್ಧದ ಬ್ರಿಟಿಷ್ ಅಧಿಕಾರಿಗಳ ಕಡತ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಒ 339 ಮತ್ತು 374ನೇ ಸರಣಿಗಳಲ್ಲಿ. ಭಾರತೀಯ ಸೇನೆಯವನಾದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಬೇಕು. ಮೈಸೂರು ಲ್ಯಾನ್ಸರ್ಸ್ ಹೋರಾಡಿದ ಪ್ಯಾಲೆಸ್ಟೈನ್ ರಣರಂಗದಿಂದ ಬಂದದ್ದು ಎಂದೇನಾದರೂ ಹೇಳಿ ನಮ್ಮವರಿಗೆ ಆಸೆ ಹುಟ್ಟಿಸುವ ಮಾರಾಟಗಾರರಿರಬಹುದು. ಅಧಿಕಾರಿಯ ಹೆಸರು, ದಳ, ವರ್ಷ ಮೂರೂ ಕಾಗದದ ಮೇಲೆ ಕೂಡಿ ಬರದಿದ್ದರೆ ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಪೆಟ್ಟಿಗೆಯೊಂದಿಗೆ ಬಂದರೆ ಅಲ್ಟ್ರಾವಯಲೆಟ್ ಟಾರ್ಚ್ ತೆಗೆಯಿರಿ. ಕೊಠಡಿಯನ್ನು ಕತ್ತಲು ಮಾಡಿ ಒಳಗಿನ ಬಟ್ಟೆ, ಮುಚ್ಚಳದ ಲೇಬಲ್, ಹೊಲಿಗೆ ನೂಲಿನ ಮೇಲೆ ಬೆಳಕು ಬಿಡಿ. ಎರಡನೆಯ ಮಹಾಯುದ್ಧದ ನಂತರ ಕಾಗದಕ್ಕೂ ಬಟ್ಟೆಗೂ ಸೇರಿಸತೊಡಗಿದ ಬಿಳುಪುಕಾರಕಗಳು ಈ ಬೆಳಕಿಗೆ ನೀಲಿಯಾಗಿ ಉರಿಯುತ್ತವೆ. ಹಳೆಯದು ಮಂಕಾಗಿ ಉಳಿಯುತ್ತದೆ. ಲೇಬಲ್ ಮಂಕು, ಅದರಡಿಯ ಬಟ್ಟೆ ನೀಲಿ ಎಂದಾದರೆ ಹಳೆಯ ಲೇಬಲ್ ಕಿತ್ತು ಹೊಸ ಪೆಟ್ಟಿಗೆಗೆ ಅಂಟಿಸಿದ್ದಾರೆ. ರಿವಾಲ್ವರ್ ಒತ್ತಿ ಬಿದ್ದ ತಗ್ಗು ಅದರ ಆಕಾರಕ್ಕೆ ಸರಿಯಾಗಿ ಹೊಂದುತ್ತದೆಯೇ ಎಂಬುದನ್ನೂ ನೋಡಿ.

ಕಾನೂನು

ಭಾರತದಲ್ಲಿರುವವರು ಇದನ್ನು ಓದಿ ಹುಡುಕಲು ಹೊರಡುವ ಮೊದಲು ಒಂದು ಮಾತು. .455 ರಿಮ್ (ಬುಡದಲ್ಲಿ ಚಾಚಿದ ಅಂಚು) ಇರುವ ಗುಂಡು ಹಿಡಿಯುವ ರಿವಾಲ್ವರ್ ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿಷೇಧಿತ ಬೋರ್. ಸಾಮಾನ್ಯ ಕೋವಿ ಲೈಸೆನ್ಸ್ ಇದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ನಿಷೇಧಿತ ಶಸ್ತ್ರವನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ 7ರಿಂದ 14 ವರ್ಷ ಜೈಲು. ಒಬ್ಬರ ಬಳಿ ಇರಬಹುದಾದದ್ದು ಗರಿಷ್ಠ 2 ಬಂದೂಕು, ಪಿತ್ರಾರ್ಜಿತವಾದರೂ ಅಷ್ಟೇ. 1959ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ರಿಪೇರಿ ಮಾಡಿದರೂ ಸಿಡಿಯದಂತಿರಬೇಕು ಎಂಬುದು ಅದರ ಷರತ್ತು. ಒಳ್ಳೆಯ ಸ್ಥಿತಿಯ ಫಾಸ್ಬೆರಿ ಆ ಷರತ್ತಿಗೆ ಹೊಂದುವುದೇ ಇಲ್ಲ. ತಾತನ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಕ್ಕರೆ ಎತ್ತಿಕೊಂಡು ಓಡಾಡಬೇಡಿ. ಇದ್ದಲ್ಲೇ ಬಿಟ್ಟು ವಕೀಲರನ್ನು ಕೇಳಿ, ಜಿಲ್ಲೆಯಲ್ಲಾದರೆ ಜಿಲ್ಲಾಧಿಕಾರಿಗೆ, ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರಿಗೆ ಲಿಖಿತವಾಗಿ ತಿಳಿಸಿ. ಹೊರದೇಶಕ್ಕೆ ಮಾರುವ ಯೋಚನೆಯೂ ಬೇಡ. 100 ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ರಫ್ತು ಮಾಡುವಂತಿಲ್ಲ. ಇಲ್ಲಿದ್ದುಕೊಂಡೇ ಸಂಗ್ರಹಿಸಬೇಕೆಂದರೆ ಹಳೆಯ ವೆಬ್ಲಿ ಕ್ಯಾಟಲಾಗ್, ಪೇಟೆಂಟ್ ಹಾಳೆ, ಜಾಹೀರಾತು, ಚರ್ಮದ ಹೋಲ್‌ಸ್ಟರ್ ಇವೆ. ಒಳ್ಳೆಯ ಸಂಗ್ರಹವೇ ಆಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಬೇರೆ. ಅಲ್ಲಿ ಕೇಂದ್ರ ಕಾನೂನಿಗೆ ಪುರಾತನ ಎಂದರೆ 1898 ಅಥವಾ ಅದಕ್ಕೆ ಮುಂಚೆ ತಯಾರಾದದ್ದು. "1895ರ ಪೇಟೆಂಟ್, ಆದ್ದರಿಂದ ಆಂಟಿಕ್" ಎಂಬ ಮಾರಾಟಗಾರನ ಮಾತು ಇಲ್ಲೇ ಬೀಳುತ್ತದೆ. ತಯಾರಿಕೆ 1901ರಿಂದ. ಆದರೆ 50 ವರ್ಷ ದಾಟಿದ್ದರಿಂದ ಕ್ಯೂರಿಯೋ ಅಂಡ್ ರೆಲಿಕ್ (ಸಂಗ್ರಹಯೋಗ್ಯ ಹಳೆಯ ಬಂದೂಕು) ವರ್ಗಕ್ಕೆ ಸೇರುತ್ತದೆ. ಸಂಗ್ರಹಕಾರರ 03 ಲೈಸೆನ್ಸ್‌ಗೆ 3 ವರ್ಷಕ್ಕೆ 30 ಡಾಲರ್. ಕೊಂಡದ್ದು ಮಾರಿದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ರಾಜ್ಯದ ಪರವಾನಗಿಯೂ ಬೇಕು. ಎಚ್-1ಬಿಯಂಥ ವೀಸಾದಲ್ಲಿರುವವರು ಗಮನಿಸಿ: ಊರ್ಜಿತ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಹೊಂದುವುದೇ ಕೇಂದ್ರ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇಲ್ಲ. ಊರಿಗೆ ಮರಳುವಾಗ ಜೊತೆಗೆ ತರುವುದಂತೂ ಆಗದ ಮಾತು.

ಬ್ರಿಟನ್ನಿನಲ್ಲಿ 1997ರ ನಿಷೇಧದ ನಂತರ ಇಂಥವು ವಿಶೇಷ ಷರತ್ತುಗಳ ಅಡಿ ಮಾತ್ರ ಉಳಿದಿವೆ. ಹೆಚ್ಚಿನವರಿಗೆ ಸಿಗುವುದು ನಿಷ್ಕ್ರಿಯಗೊಳಿಸಿದ ಪ್ರತಿ. 2016ರ ಏಪ್ರಿಲ್‌ಗೆ ಮುಂಚಿನ ಹಳೆಯ ಮಾನದಂಡದವನ್ನು ಹಾಗೆಯೇ ಮಾರುವಂತಿಲ್ಲ, ಹೊಸ ಮಾನದಂಡಕ್ಕೆ ತರಬೇಕು. ಹೊಸದರಲ್ಲಿ ಬೆಸುಗೆ ಬಹಳ, ಯಂತ್ರ ಚಲಿಸುವುದಿಲ್ಲ. ಜಾರುವುದೇ ಜೀವವಾದ ಫಾಸ್ಬೆರಿಗೆ ಇದು ದೊಡ್ಡ ನಷ್ಟ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಂಥ ಕಡೆ ಮೂಲವನ್ನು ನೋಡುವುದು ಮೇಲು.

ಇಟ್ಟುಕೊಳ್ಳುವ ಬಗೆ

ಹೊಳಪು ಕೊಡಬೇಡಿ. ಮಾಸಿದ ಮೂಲ ಬಣ್ಣಕ್ಕೆ ಇರುವ ಬೆಲೆ ಹೊಸ ಹೊಳಪಿಗೆ ಇಲ್ಲ. ಮೇಲಿನ ತುಕ್ಕಿಗೆ ತೆಳು ಖನಿಜ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೇಕೆಂದರೆ ಮತ್ತೆ ಮಾಡಿ. ತೋಡು ಮತ್ತು ಹಳಿಯ ಗಟ್ಟಿ ಗ್ರೀಸನ್ನು ಮರದ ಕಡ್ಡಿಯಿಂದ ತೆಗೆಯಿರಿ, ಲೋಹದ ಮೊನೆ ತಾಗಿಸಬೇಡಿ. ಎಣ್ಣೆ ಹಿಡಿಯ ಮರಕ್ಕೆ ಇಳಿಯಬಾರದು. ಇಳಿದರೆ ಮರ ಮೆತ್ತಗಾಗಿ ಚೌಕುಳಿ ಕೊರೆತ ಉದುರುತ್ತದೆ. ಹಾಗಾಗಿ ಎಣ್ಣೆ ಹಾಕಿದ ಮೇಲೆ ಹಿಡಿ ಕೆಳಗಾಗಿ ನಿಲ್ಲಿಸಬೇಡಿ, ಬಟ್ಟೆಯ ಮೇಲೆ ಮಲಗಿಸಿ. ಲೋಹಕ್ಕೂ ಮರಕ್ಕೂ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಪದರ ಸಾಕು, ವಸ್ತುಸಂಗ್ರಹಾಲಯಗಳಲ್ಲಿ ಬಳಸುವುದೂ ಇದನ್ನೇ. ಗಾಳಿಯ ತೇವಾಂಶ ಶೇಕಡಾ 40ರಿಂದ 50ರೊಳಗಿರಲಿ. ಸಿಲಿಕಾ ಜೆಲ್ ಚೀಲ ಬಣ್ಣ ಬದಲಿಸಿದಾಗ ಒಣಗಿಸಿ ಇಡಿ. ಫೋಮ್ ಮೇಲೆ ಇಡಬೇಡಿ, ಅದು ತೇವ ಹಿಡಿದುಕೊಳ್ಳುತ್ತದೆ. ಹೋಲ್‌ಸ್ಟರ್ ಎಷ್ಟೇ ಚೆಂದವಿದ್ದರೂ ರಿವಾಲ್ವರನ್ನು ಅದರೊಳಗೆ ಇಡಬೇಡಿ. ಚರ್ಮ ಹದ ಮಾಡಿದ ಆಮ್ಲವೂ ತೇವವೂ ಸೇರಿ ಕೆಲವೇ ಮಳೆಗಾಲದಲ್ಲಿ ಅದರ ಆಕಾರವನ್ನು ತುಕ್ಕಿನಲ್ಲಿ ಅಚ್ಚೊತ್ತಿಬಿಡುತ್ತವೆ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಒಂದೇ ಸಂಖ್ಯೆಯ ಚೀಟಿ ಕಟ್ಟಿ. ಕ್ರಮಸಂಖ್ಯೆ, ಮುದ್ರೆಗಳ ಫೋಟೋ, ಖರೀದಿ ರಸೀದಿ, ಲೈಸೆನ್ಸ್ ಪ್ರತಿ ಬೇರೆ ಕಡತದಲ್ಲಿರಲಿ. ಆ ಕಡತ ಎಲ್ಲಿದೆ, ತಮ್ಮ ನಂತರ ಏನು ಮಾಡಬೇಕು ಎಂಬುದನ್ನು ಮನೆಯ ಒಬ್ಬರಿಗಾದರೂ ಬರೆದುಕೊಡಿ.